ಇಂಗ್ಲೆಂಡಿನ ಗ್ರಾಮನಾಮಗಳು: ಬರಹ, ನುಡಿ ಮತ್ತು ಚಾರಿತ್ರಿಕ ಸಾಕ್ಷ್ಯ

1. ಪ್ರಸ್ತಾವನೆ

ಇಂಗ್ಲೆಂಡಿನ ಪೂರ್ವ ಕರಾವಳಿಯ ನಾರ್ಫಕ್ ಪ್ರಾಂತ್ಯದಲ್ಲಿ ಒಂದು ಹಳ್ಳಿಯಿದೆ. ಭೂಪಟದಲ್ಲಿರುವ ಅದರ ಹೆಸರನ್ನು ಬರೆದಂತೆಯೇ ಓದಿದರೆ 'ಹ್ಯಾಪಿಸ್‌ಬರ್ಗ್' ಎಂದಾಗುತ್ತದೆ. ಊರಿನವರ ಬಾಯಲ್ಲಿ ಅದು 'ಹೇಜ಼್‌ಬ್ರ'. ಅದೇ ಪ್ರಾಂತ್ಯದ 'ವೈಮಂಡ್‌ಹ್ಯಾಮ್' ಸ್ಥಳೀಯರಿಗೆ 'ವಿಂಡಮ್'. 'ಕಾಸ್ಟೆಸ್ಸೆ' ಎಂಬುದು 'ಕಾಸಿ'. ದಕ್ಷಿಣದ ಕೆಂಟ್ ಪ್ರಾಂತ್ಯದ 'ಟ್ರಾಟಿಸ್‌ಕ್ಲಿಫ್' ಅಲ್ಲಿನವರಿಗೆ 'ಟ್ರಾಸ್ಲಿ'. ಉತ್ತರದ 'ಬಾರ್ನಾಲ್ಡ್ಸ್‌ವಿಕ್' ಸುತ್ತಲಿನ ಜನರ ಮಾತಿನಲ್ಲಿ 'ಬಾರ್ಲಿಕ್'.

ಇಂತಹ ಅಂತರಕ್ಕೆ ಸಾಮಾನ್ಯವಾಗಿ ಎರಡು ವಿವರಣೆಗಳು ದೊರೆಯುತ್ತವೆ. ಊರಿನವರು ಪೂರ್ಣ ಹೆಸರನ್ನು ಸವೆಸಿ ನುಡಿಯುತ್ತಾರೆ ಎಂಬುದು ಮೊದಲನೆಯದು. ಇಂಗ್ಲಿಷಿನ ಕಾಗುಣಿತವೇ ಅವ್ಯವಸ್ಥಿತವಾದುದು ಎಂಬುದು ಎರಡನೆಯದು. ಇವೆರಡೂ ನುಡಿಯನ್ನು ಬರಹದ ಅಳತೆಗೋಲಿನಿಂದಲೇ ಅಳೆಯುತ್ತವೆ. ಪ್ರಸ್ತುತ ಲೇಖನದ ವಾದ ಇದಕ್ಕಿಂತ ಭಿನ್ನವಾದುದು. ಗ್ರಾಮನಾಮದ ಸ್ಥಳೀಯ ಉಚ್ಚಾರಣೆ ಅದರ ಬರಹದಿಂದ ಹುಟ್ಟಿದ ವಿಕಾರವಲ್ಲ. ಬರಹ ಮತ್ತು ನುಡಿ ಎರಡೂ ಒಂದೇ ಪ್ರಾಚೀನ ರೂಪದಿಂದ ಬೇರೆ ಬೇರೆ ದಾರಿಗಳಲ್ಲಿ ಇಳಿದುಬಂದ ಎರಡು ಸಾಕ್ಷ್ಯಗಳು. ಮೊದಲನೆಯದು ಲಿಪಿಕಾರರ ಪರಂಪರೆಯಲ್ಲಿ ಬಂದಿದೆ. ಎರಡನೆಯದು ಆ ನೆಲದಲ್ಲಿ ಬದುಕಿದವರ ಬಾಯಿಂದ ಬಾಯಿಗೆ ಬಂದಿದೆ. ವ್ಯುತ್ಪತ್ತಿಯ ನಿರ್ಣಯಕ್ಕೆ ಎರಡೂ ಬೇಕು. ಕಳೆದ ಒಂದೂವರೆ ಶತಮಾನದಲ್ಲಿ ಎರಡನೆಯ ಸಾಕ್ಷ್ಯವು ಮೊದಲನೆಯದರ ಒತ್ತಡಕ್ಕೆ ಸಿಲುಕಿ ಅಳಿಯುತ್ತಿರುವುದರಿಂದ ಈ ವಾದಕ್ಕೆ ಕೇವಲ ಸೈದ್ಧಾಂತಿಕವಲ್ಲದ ಮಹತ್ವವೂ ಇದೆ.

ಲಿಪ್ಯಂತರದ ಬಗ್ಗೆ ಒಂದು ಸೂಚನೆ. ಹೆಸರನ್ನು ಬರೆದಂತೆಯೇ ಓದಿದಾಗ ದೊರೆಯುವುದನ್ನು ಇಲ್ಲಿ 'ಬರಹರೂಪ' ಎಂದೂ, ಸ್ಥಳೀಯರ ಉಚ್ಚಾರಣೆಯನ್ನು 'ನುಡಿರೂಪ' ಎಂದೂ ಕರೆಯಲಾಗಿದೆ. ಇಂಗ್ಲಿಷಿನ ಆಘಾತರಹಿತ ದುರ್ಬಲ ಸ್ವರಕ್ಕೆ ಕನ್ನಡದಲ್ಲಿ ಪ್ರತ್ಯೇಕ ಚಿಹ್ನೆ ಇಲ್ಲದ್ದರಿಂದ ಅದನ್ನು ಅಕಾರದಿಂದ ಸೂಚಿಸಿದೆ.

2. ಹೆಸರುಗಳ ಪದರಗಳು

ಇಂಗ್ಲೆಂಡಿನ ಸ್ಥಳನಾಮಗಳಲ್ಲಿ ಕನಿಷ್ಠ ಐದು ಭಾಷೆಗಳ ಪದರಗಳಿವೆ. ತಳದಲ್ಲಿರುವುದು ಕೆಲ್ಟಿಕ್ ವರ್ಗದ ಬ್ರಿಟಾನಿಕ್ ಭಾಷೆ. ನದಿಗಳ ಮತ್ತು ಬೆಟ್ಟಗಳ ಹೆಸರುಗಳಲ್ಲಿ ಅದು ಹೆಚ್ಚಾಗಿ ಉಳಿದಿದೆ. 'ಏವನ್' ಎಂಬುದಕ್ಕೆ ನದಿ ಎಂದಷ್ಟೇ ಅರ್ಥ. ಇಂದಿನ ವೆಲ್ಷ್ ಭಾಷೆಯಲ್ಲಿಯೂ ಆ ಪದ ಬಳಕೆಯಲ್ಲಿದೆ. ವೂಸ್ಟರ್‌ಷರ್ ಪ್ರಾಂತ್ಯದ ಬ್ರೆಡನ್ ಎಂಬ ಹಳ್ಳಿಯ ಹೆಸರಿನಲ್ಲಿ ಬೆಟ್ಟವೆಂಬ ಅರ್ಥದ ಬ್ರಿಟಾನಿಕ್ 'ಬ್ರೆ'ಗೆ ಅದೇ ಅರ್ಥದ ಹಳೆಯ ಇಂಗ್ಲಿಷಿನ 'ಡೂನ್' ಸೇರಿದೆ. ಪಕ್ಕದ ಬೆಟ್ಟವನ್ನು ಇಂದು 'ಬ್ರೆಡನ್ ಹಿಲ್' ಎನ್ನುವಾಗ ಬೆಟ್ಟ ಎಂಬ ಮಾತನ್ನು ಮೂರು ಸಲ ಹೇಳಿದಂತಾಗುತ್ತದೆ. ಬಕಿಂಗಮ್‌ಷರ್ ಪ್ರಾಂತ್ಯದ ಚೆಟ್‌ವುಡ್ ಎಂಬ ಹಳ್ಳಿಯ ಹೆಸರಿನ ಎರಡು ಭಾಗಗಳಿಗೂ ಕಾಡು ಎಂದೇ ಅರ್ಥ. ಹೊಸದಾಗಿ ಬಂದವರು ಹಳೆಯ ಪದವನ್ನು ಅಂಕಿತನಾಮವೆಂದು ಸ್ವೀಕರಿಸಿದರೆಂಬುದಕ್ಕೆ, ಅಂದರೆ ಅದರ ಅರ್ಥ ಅವರಿಗೆ ತಿಳಿಯದೆ ಧ್ವನಿ ಮಾತ್ರ ತಲುಪಿತೆಂಬುದಕ್ಕೆ, ಇಂತಹ ದ್ವಿರುಕ್ತಿಗಳೇ ಆಧಾರ.

ರೋಮನ್ನರ ಆಳ್ವಿಕೆಯ ನೆನಪನ್ನು ಮುಖ್ಯವಾಗಿ ಉಳಿಸಿಕೊಂಡಿರುವುದು ಕೋಟೆ ಅಥವಾ ಪಾಳೆಯ ಎಂಬ ಅರ್ಥದ ಲ್ಯಾಟಿನ್ 'ಕಾಸ್ಟ್ರ' ಪದ. ಅದನ್ನು ಸ್ವೀಕರಿಸಿದ ಆಂಗ್ಲೊ-ಸ್ಯಾಕ್ಸನರ ಪದರವೇ ಎಲ್ಲಕ್ಕಿಂತ ದೊಡ್ಡದು. ಮನೆ ಅಥವಾ ನೆಲೆ ಎಂಬ ಅರ್ಥದ 'ಹಾಮ್', ಆವರಣ ಅಥವಾ ಹಳ್ಳಿ ಎಂಬ ಅರ್ಥದ 'ಟೂನ್', ವಿಶೇಷ ಉತ್ಪನ್ನದ ನೆಲೆಯನ್ನು ಸೂಚಿಸುವ 'ವೀಕ್', ಕೋಟೆ ಎಂಬ ಅರ್ಥದ 'ಬುರ್ಹ್' ಇವು ಅದರ ಪ್ರಮುಖ ವಾರ್ಗಿಕಗಳು. 9ನೆಯ ಶತಮಾನದಿಂದ ಉತ್ತರ ಮತ್ತು ಪೂರ್ವ ಭಾಗಗಳಲ್ಲಿ ನೆಲೆನಿಂತ ಸ್ಕ್ಯಾಂಡಿನೇವಿಯನ್ನರು 'ಬಿ', 'ಥಾರ್ಪ್', 'ಥ್ವೇಟ್' ಎಂಬವನ್ನು ತಂದರು. 1066ರ ನಂತರದ ನಾರ್ಮನ್ನರು ಕೆಲವೇ ಹೊಸ ಹೆಸರುಗಳನ್ನು ಇಟ್ಟರು. ಆದರೆ ಇದ್ದ ಹೆಸರುಗಳನ್ನು ಬರೆಯುವ ಅಧಿಕಾರ ಅವರ ಕೈಗೆ ಹೋಯಿತು.

ಈ ಪದರಗಳನ್ನು ಪರಸ್ಪರ ಬೇರ್ಪಡಿಸುವಲ್ಲಿ ಉಚ್ಚಾರಣೆಯ ಪಾತ್ರ ದೊಡ್ಡದು. ಗಿಣ್ಣು ತಯಾರಿಸುವ ನೆಲೆ ಎಂಬ ಒಂದೇ ಸಮಾಸದಿಂದ ಎರಡು ಊರುಗಳು ಹೆಸರು ಪಡೆದಿವೆ. ಹಿಂದೆ ಥೇಮ್ಸ್ ತೀರದ ಹಳ್ಳಿಯಾಗಿದ್ದು ಈಗ ಲಂಡನ್ನಿನೊಳಗೆ ಸೇರಿಹೋದ 'ಚಿಜ಼ಿಕ್' ಒಂದು. ಉತ್ತರದ ಕಂಬ್ರಿಯ ಪ್ರಾಂತ್ಯದ 'ಕೆಜ಼ಿಕ್' ಇನ್ನೊಂದು. ಹಳೆಯ ಇಂಗ್ಲಿಷಿನಲ್ಲಿ ಮುನ್ಸ್ವರಗಳ ಮುಂದೆ ಕಕಾರ ತಾಲವ್ಯೀಕರಣಗೊಂಡು ಚಕಾರವಾಯಿತು. ಸ್ಕ್ಯಾಂಡಿನೇವಿಯನ್ನರ ನುಡಿಯಲ್ಲಿ ಈ ಬದಲಾವಣೆ ಇರಲಿಲ್ಲ. ಆದ್ದರಿಂದ ಅವರ ಪ್ರಭಾವವಿದ್ದೆಡೆ ಕಕಾರ ಉಳಿಯಿತು. 'ಕಾಸ್ಟ್ರ'ದ ಮೂರು ಕವಲುಗಳೂ ಇದನ್ನೇ ತೋರಿಸುತ್ತವೆ. ಚೆಸ್ಟರ್, ರಿಬ್‌ಚೆಸ್ಟರ್ ಮುಂತಾದೆಡೆ ಚಕಾರ. ಆಂಕ್ಯಾಸ್ಟರ್, ಡಾಂಕ್ಯಾಸ್ಟರ್ ಮುಂತಾದೆಡೆ ಕಕಾರ. ಗ್ಲಾಸ್ಟರ್, ಲೆಸ್ಟರ್, ಟೋಸ್ಟರ್ ಮುಂತಾದೆಡೆ ಸಕಾರ. ಈ ಮೂರನೆಯದು ಚಕಾರಕ್ಕೆ ಬದಲಾಗಿ ಸಕಾರವನ್ನು ನುಡಿದ ನಾರ್ಮನ್ನರ ಪ್ರಭಾವದಿಂದ ಬಂದುದು.

3. ಲಿಪಿಕಾರ ಮತ್ತು ಊರಿನವರು

1086ರಲ್ಲಿ ಸಿದ್ಧವಾದ ಡೂಮ್ಸ್‌ಡೇ ಪುಸ್ತಕ ಇಂಗ್ಲೆಂಡಿನ ಸಾವಿರಾರು ಹಳ್ಳಿಗಳ ಹೆಸರುಗಳನ್ನು ದಾಖಲಿಸುವ ಕಂದಾಯ ಸಮೀಕ್ಷೆ. ಅನೇಕ ಹಳ್ಳಿಗಳಿಗೆ ಅದೇ ಮೊದಲ ಲಿಖಿತ ಉಲ್ಲೇಖ. ಅದರ ಭಾಷೆ ಲ್ಯಾಟಿನ್. ಬರವಣಿಗೆಯ ಅಭ್ಯಾಸಗಳು ಬಹುಮಟ್ಟಿಗೆ ನಾರ್ಮನ್. ಹೆಸರುಗಳು ಇಂಗ್ಲಿಷ್ ಅಥವಾ ಸ್ಕ್ಯಾಂಡಿನೇವಿಯನ್. ಈ ಮೂರೂ ಕೂಡಿರುವ ದಾಖಲೆಯನ್ನು ಬರೆದಂತೆಯೇ ಓದಲಾಗದು. ಕೆಂಟ್ ಪ್ರಾಂತ್ಯದ ಹೆಸರು ಅದರಲ್ಲಿ ಸಿ ಮತ್ತು ಎಚ್ ಅಕ್ಷರಗಳಿಂದ ಆರಂಭವಾಗುತ್ತದೆ. ಇಂದಿನ ಇಂಗ್ಲಿಷ್ ರೂಢಿಯಲ್ಲಿ ಓದಿದರೆ ಅದು 'ಚೆಂಟ್' ಆಗಬೇಕು. ಆದರೆ ಆ ಜೋಡಿ ಅಕ್ಷರ ಅಲ್ಲಿನ ಲಿಪಿಕಾರರಿಗೆ ಕಕಾರದ ಚಿಹ್ನೆಯಾಗಿತ್ತು. ಇದನ್ನು ನಾವು ನಿಶ್ಚಯವಾಗಿ ಹೇಳಬಲ್ಲೆವು; ಏಕೆಂದರೆ ಅಲ್ಲಿನ ಜನ ಆ ಹೆಸರನ್ನು ಕಕಾರದಿಂದಲೇ ನುಡಿಯುತ್ತ ಬಂದಿದ್ದಾರೆ. ಬರಹವನ್ನು ಓದುವ ಕೀಲಿಕೈ ಇಲ್ಲಿ ನುಡಿಯಲ್ಲಿದೆ.

ನುಡಿಯ ಸ್ವಾತಂತ್ರ್ಯಕ್ಕೆ ಇನ್ನೂ ಸ್ಪಷ್ಟವಾದ ನಿದರ್ಶನ ನಾಟಿಂಗಮ್ ಮತ್ತು ಸ್ನೆಂಟನ್ ಎಂಬ ಜೋಡಿ ಹೆಸರುಗಳಲ್ಲಿದೆ. ಇವೆರಡೂ 'ಸ್ನಾಟ್' ಎಂಬ ವ್ಯಕ್ತಿನಾಮದಿಂದ ಬಂದವು. ನಾಟಿಂಗಮ್ ಎಂದರೆ ಸ್ನಾಟನ ಜನರ ನೆಲೆ. ಅದರ ಪಕ್ಕದ ಹಳ್ಳಿಯಾಗಿದ್ದ ಸ್ನೆಂಟನ್ ಎಂದರೆ ಅದೇ ಜನರ ಆವರಣ ಅಥವಾ ಹಳ್ಳಿ. ಪದಾದಿಯ ಸಕಾರ-ನಕಾರ ಸಂಯುಕ್ತ ನಾರ್ಮನ್ನರ ನಾಲಿಗೆಗೆ ಒಗ್ಗಿರಲಿಲ್ಲ. ಡೂಮ್ಸ್‌ಡೇ ಪುಸ್ತಕವು ನಾಟಿಂಗಮ್ ಹೆಸರನ್ನು ಸಕಾರಸಹಿತವಾಗಿ 'ಸ್ನೋಟಿಂಗೆಹಾಮ್' ಎಂದು ಬರೆಯುತ್ತದೆ. ಹಳ್ಳಿಯ ಹೆಸರನ್ನು ಸಕಾರವಿಲ್ಲದೆ 'ನೋಟಿಂಟೋನೆ' ಎಂದು ಬರೆಯುತ್ತದೆ. ಇಂದಿನ ಸ್ಥಿತಿ ಇದಕ್ಕೆ ತದ್ವಿರುದ್ಧವಾಗಿದೆ. ದಾಖಲೆಯಲ್ಲಿ ಸಕಾರವಿದ್ದ ಪಟ್ಟಣ ಅದನ್ನು ಕಳೆದುಕೊಂಡಿದೆ; ದಾಖಲೆಯಲ್ಲಿ ಸಕಾರವಿಲ್ಲದ ಹಳ್ಳಿ ಅದನ್ನು ಉಳಿಸಿಕೊಂಡಿದೆ.

ಹೆಸರುಗಳು ಬರಹದ ಮೂಲಕವೇ ಮುಂದಿನ ತಲೆಮಾರಿಗೆ ಸಾಗುತ್ತಿದ್ದರೆ ಇಂತಹ ಫಲಿತ ಸಾಧ್ಯವಿರಲಿಲ್ಲ. ವಿವರಣೆಯನ್ನು ಸಾಮಾಜಿಕ ಚರಿತ್ರೆಯಲ್ಲಿ ಹುಡುಕಬೇಕು. ನಾಟಿಂಗಮ್‌ನಲ್ಲಿ 1068ರಲ್ಲಿಯೇ ನಾರ್ಮನ್ ಕೋಟೆ ಎದ್ದಿತು. ಹಳೆಯ ಇಂಗ್ಲಿಷ್ ಪಟ್ಟಣದ ಪಕ್ಕದಲ್ಲಿ ತನ್ನದೇ ಕಟ್ಟಳೆಗಳಿದ್ದ ಫ್ರೆಂಚರ ಪಟ್ಟಣವೂ ಬೆಳೆಯಿತು. ಅಲ್ಲಿ ಆಳುವವರ ಉಚ್ಚಾರಣೆ ಊರಿನ ಉಚ್ಚಾರಣೆಯಾಗಲು ಅವಕಾಶವಿತ್ತು. ಹೊಲ ಉಳುವವರ ಸ್ನೆಂಟನ್‌ಗೆ ಆ ಒತ್ತಡ ಅಷ್ಟಾಗಿ ತಟ್ಟಲಿಲ್ಲ. ಒಂದು ವರ್ಣದ ಉಳಿವು ಅಳಿವುಗಳಲ್ಲಿ ಎರಡು ವರ್ಗಗಳ ಚರಿತ್ರೆ ಅಡಗಿರುವುದನ್ನು ಇಲ್ಲಿ ಕಾಣಬಹುದು.

ಫ್ರೆಂಚ್ ಭಾಷೆಯಲ್ಲಿಯೇ ಇಟ್ಟ ಹೆಸರುಗಳಲ್ಲಿ ಇದೇ ಸಂಬಂಧ ಇನ್ನೊಂದು ದಿಕ್ಕಿನಲ್ಲಿ ಕೆಲಸ ಮಾಡಿದೆ. ಸುಂದರ ನೋಟ ಎಂಬ ಅರ್ಥದ ಫ್ರೆಂಚ್ ಹೆಸರು ಬರಹದಲ್ಲಿ 'ಬೆಲ್ವಾರ್' ಆಗಿಯೇ ಇದೆ. ನುಡಿಯಲ್ಲಿ ಅದು 'ಬೀವರ್'. ಸುಂದರ ಸ್ಥಳ ಎಂಬ ಅರ್ಥದ ಹ್ಯಾಂಪ್‌ಷರ್ ಪ್ರಾಂತ್ಯದ ಹಳ್ಳಿ 'ಬ್ಯೂಲಿ'. ಆಳುವವರ ಕಾಗುಣಿತವನ್ನು ಕದಲಿಸಲು ಇಂಗ್ಲಿಷ್ ರೈತರಿಗೆ ಸಾಧ್ಯವಿರಲಿಲ್ಲ. ತಮ್ಮ ನಾಲಿಗೆಗೆ ಆ ಹೆಸರನ್ನು ಒಗ್ಗಿಸಿಕೊಳ್ಳುವುದು ಮಾತ್ರ ಸಾಧ್ಯವಿತ್ತು.

4. ಸಂಕೋಚದ ನಿಯಮಗಳು

'ವಿಂಡಮ್', 'ಟ್ರಾಸ್ಲಿ' ಮುಂತಾದ ಹ್ರಸ್ವರೂಪಗಳು ಅನಿಯತವಾದವಲ್ಲ. ಇಂಗ್ಲಿಷ್ ಸಮಾಸಗಳಲ್ಲಿ ಸ್ವರಾಘಾತ ಸಾಮಾನ್ಯವಾಗಿ ಮೊದಲ ಅಕ್ಷರದ ಮೇಲೆ ಬೀಳುತ್ತದೆ. ಇದರಿಂದ ಕ್ರಮವಾಗಿ ಮೂರು ಪರಿಣಾಮಗಳಾಗುತ್ತವೆ. ಮೊದಲ ಅಕ್ಷರದ ದೀರ್ಘಸ್ವರ ಹ್ರಸ್ವವಾಗಬಹುದು. ನಡುವಿನ ಆಘಾತರಹಿತ ಅಕ್ಷರ ಲೋಪವಾಗಬಹುದು. ಉತ್ತರಪದ ದುರ್ಬಲಗೊಂಡು ಪ್ರತ್ಯಯದಂತಾಗಬಹುದು. ವಿಗ್‌ಮುಂಡ್ ಎಂಬವನ 'ಹಾಮ್' ಡೂಮ್ಸ್‌ಡೇ ಹೊತ್ತಿಗೆ 'ವಿಮುಂಡ್‌ಹಾಮ್' ಆಗಿತ್ತು. ನಡುವಿನ ಸ್ವರ ಲೋಪವಾಗಿ, ಎದುರುಬದುರಾದ ಅನುನಾಸಿಕಗಳು ಕೂಡಿಕೊಂಡು, ಕೊನೆಯ ಹಕಾರ ಬಿದ್ದುಹೋದಾಗ 'ವಿಂಡಮ್' ದೊರೆಯುತ್ತದೆ. ಬೆಯಾರ್ನ್‌ವುಲ್ಫನ 'ವೀಕ್' 'ಬಾರ್ಲಿಕ್' ಆದ ದಾರಿಯೂ ಇದೇ. ಡೆವನ್ ಪ್ರಾಂತ್ಯದ 'ವುಲ್ಫಾರ್ಡಿಸ್‌ವರ್ದಿ' ಎಂಬ ದೀರ್ಘ ಬರಹರೂಪದ ಹಿಂದೆ ವುಲ್ಫ್‌ಹೆಯಾರ್ಡ್ ಎಂಬವನ ಆವರಣವಿದೆ. ನುಡಿಯಲ್ಲಿ ಅದು 'ವುಲ್ಸರಿ'.

ಈ ಪ್ರಕ್ರಿಯೆಗಳು ಹೆಸರುಗಳಿಗೆ ಮೀಸಲಾದವಲ್ಲ. 'ಲಾರ್ಡ್' ಎಂಬ ಸಾಮಾನ್ಯ ಪದ ಮೂಲತಃ 'ಹ್ಲಾಫ್-ವೆಯಾರ್ಡ್', ಅಂದರೆ ರೊಟ್ಟಿಯನ್ನು ಕಾಯುವವನು. 'ಲೇಡಿ' ಮತ್ತು 'ಹಸ್‌ಬಂಡ್' ಸಹ ಹೀಗೆಯೇ ಸಂಕುಚಿತಗೊಂಡ ಸಮಾಸಗಳು. ವ್ಯತ್ಯಾಸವಿರುವುದು ಬರಹದಲ್ಲಿ. ಸಾಮಾನ್ಯ ಪದಗಳಲ್ಲಿ ನುಡಿ ಬದಲಾದಂತೆ ಕಾಗುಣಿತವೂ ಬಹುಮಟ್ಟಿಗೆ ಬದಲಾಯಿತು. ಆದ್ದರಿಂದ 'ಲಾರ್ಡ್' ಪದವನ್ನು ಇಂದು ಯಾರೂ ಎರಡು ಅಕ್ಷರಗಳಲ್ಲಿ ಓದಲು ಹೋಗುವುದಿಲ್ಲ. ಊರಿನ ಹೆಸರಾದರೋ ಭೂದಾಖಲೆ, ದಾನಪತ್ರ, ಚರ್ಚಿನ ಕಡತಗಳಲ್ಲಿ ಒಂದರಿಂದ ಇನ್ನೊಂದಕ್ಕೆ ನಕಲಾಗುತ್ತ ಹೋಯಿತು. ಹಕ್ಕು ಸಾಧಿಸುವವನಿಗೆ ಹಳೆಯ ಪತ್ರದಲ್ಲಿರುವ ರೂಪವೇ ಬೇಕಿತ್ತು. ಹೀಗೆ ಬರಹ ನಿಂತಲ್ಲಿ ನಿಂತಿತು. ನುಡಿ ತನ್ನ ನಿಯಮಗಳಂತೆ ನಡೆಯಿತು.

5. ಪದಸಂಧಿಯ ಸಾಕ್ಷ್ಯ

ನುಡಿರೂಪದ ಚಾರಿತ್ರಿಕ ಬೆಲೆಯನ್ನು ಖಚಿತವಾಗಿ ಪರೀಕ್ಷಿಸಬಹುದಾದ ಸ್ಥಳವೆಂದರೆ ಪೂರ್ವಪದ ಮತ್ತು ಉತ್ತರಪದಗಳ ನಡುವಿನ ಗಡಿ. 'ಹಾಮ್' ಇರುವ ಹೆಸರುಗಳಲ್ಲಿ ಹಕಾರ ಬಹು ಹಿಂದೆಯೇ ಲೋಪವಾದರೂ ಬರಹದಲ್ಲಿ ಎಚ್ ಅಕ್ಷರ ಉಳಿಯಿತು. ಪೂರ್ವಪದದ ಕೊನೆಯಲ್ಲಿ ಎಸ್, ಟಿ ಅಥವಾ ಪಿ ಅಕ್ಷರವಿದ್ದರೆ, ಇಂಗ್ಲಿಷ್ ಓದಲು ಕಲಿತವರ ಕಣ್ಣಿಗೆ ಅದು ಮುಂದಿನ ಎಚ್‌ನೊಂದಿಗೆ ಸೇರಿ ಕ್ರಮವಾಗಿ ಶಕಾರ, ಥಕಾರ, ಫಕಾರಗಳ ಚಿಹ್ನೆಯಂತೆ ಕಾಣುತ್ತದೆ. ಇದು ಎರಡು ಪದಗಳ ನಡುವಿನ ಗಡಿಯನ್ನು ಅಳಿಸುವ ತಪ್ಪು ಓದು.

ಸಸೆಕ್ಸ್ ಕರಾವಳಿಯ 'ಬಾಜ಼ಮ್' ಈ ತಪ್ಪು ಓದಿಗೆ ಒಳಗಾಗಿಲ್ಲ. 8ನೆಯ ಶತಮಾನದ ಬೀಡನ ಚರಿತ್ರೆಯಲ್ಲಿ ಅದು 'ಬೋಸನ್‌ಹಾಮ್', ಅಂದರೆ ಬೋಸನ ನೆಲ. ಬರಹದಲ್ಲಿ ಎಸ್ ಮತ್ತು ಎಚ್ ಅಕ್ಕಪಕ್ಕದಲ್ಲಿದ್ದರೂ ಊರಿನವರ ನುಡಿಯಲ್ಲಿ ಶಕಾರವಿಲ್ಲ. ಯಾರ್ಕ್‌ಷರ್‌ನ 'ಮ್ಯಾಸಮ್' ಹೀಗೆಯೇ. ಕೆಂಟ್‌ನ 'ಮೆಪಮ್' ಪಕಾರವನ್ನು ಉಳಿಸಿಕೊಂಡಿದೆ. ಎಸೆಕ್ಸ್‌ನ ಗ್ರೇಟ್ ವಾಲ್ಟಮ್ ಹಳ್ಳಿಯಲ್ಲಿ ಟಕಾರ ಉಳಿದಿದೆ. ಆದರೆ ಅದೇ ಮೂಲದ, ಕಾಡಿನ ನೆಲೆ ಎಂಬ ಅರ್ಥದ ಇತರ ಹಲವು ಊರುಗಳು ಈಗ 'ವಾಲ್ಥಮ್' ಆಗಿವೆ. ಗ್ರ್ಯಾಂಥಮ್, ಹೋರ್ಶಮ್, ಏಮರ್ಶಮ್‌ಗಳಲ್ಲಿ ಗಡಿ ಸಂಪೂರ್ಣವಾಗಿ ಅಳಿದಿದೆ. ಬಕಿಂಗಮ್‌ಷರ್‌ನ 'ಚೆಸಮ್' ಈಗ ಸಾಮಾನ್ಯವಾಗಿ 'ಚೆಶಮ್'.

'ಚೆಶಮ್' ಎಂಬ ರೂಪ ಮಾತ್ರ ತಿಳಿದಿರುವ ಸಂಶೋಧಕನು ಅದನ್ನು 'ಚೆಶ್' ಮತ್ತು 'ಅಮ್' ಎಂದು ಒಡೆಯಲು ಯತ್ನಿಸಬಹುದು. ಅಂತಹ ಪೂರ್ವಪದವೇ ಅಲ್ಲಿಲ್ಲ. 'ಚೆಸಮ್' ಗೊತ್ತಿದ್ದರೆ ಕಲ್ಲಿನ ರಾಶಿ ಎಂಬ ಅರ್ಥದ ಹಳೆಯ ಪದದ ಕಡೆಗೆ ದಾರಿ ತೆರೆಯುತ್ತದೆ. ಅಕ್ಷರಸ್ಥರು ಸರಿಯೆಂದು ಭಾವಿಸಿದ ಉಚ್ಚಾರಣೆಗಿಂತ ಅನಕ್ಷರಸ್ಥರ ಉಚ್ಚಾರಣೆ ಇಲ್ಲಿ ಮೂಲಕ್ಕೆ ಹತ್ತಿರವಾಗಿದೆ.

6. ನುಡಿರೂಪದ ಮಿತಿಗಳು

ಇಷ್ಟರಿಂದ ನುಡಿರೂಪವೊಂದೇ ಪ್ರಮಾಣವೆಂದು ತೀರ್ಮಾನಿಸಬಾರದು. ಅದಕ್ಕೂ ಮೂರು ಸ್ಪಷ್ಟ ಮಿತಿಗಳಿವೆ.

ಮೊದಲನೆಯದು ರೂಪಗಳ ಸಮ್ಮಿಲನ. ಇಂಗ್ಲೆಂಡಿನಲ್ಲಿ 'ಬ್ರಾಟನ್' ಎಂದು ನುಡಿಯುವ, ಒಂದೇ ಬಗೆಯಲ್ಲಿ ಬರೆಯುವ ಹಳ್ಳಿಗಳು ಅನೇಕ. ಅವುಗಳಲ್ಲಿ ಕೆಲವು ಹಳ್ಳದ ಪಕ್ಕದ ಊರುಗಳು, ಕೆಲವು ಕೋಟೆಯ ಊರುಗಳು, ಮತ್ತೆ ಕೆಲವು ದಿಬ್ಬದ ಊರುಗಳು. ಪ್ರಾಚೀನ ದಾಖಲೆಗಳಿಲ್ಲದೆ ಇವನ್ನು ಬೇರ್ಪಡಿಸಲಾಗದು. ನೆಲೆ ಎಂಬ ಅರ್ಥದ 'ಹಾಮ್' ಮತ್ತು ನದಿಯ ತಿರುವಿನಲ್ಲಿರುವ ನೆಲ ಎಂಬ ಅರ್ಥದ 'ಹಮ್ಮ್' ಇಂದಿನ ಬರಹದಲ್ಲಿಯೂ ನುಡಿಯಲ್ಲಿಯೂ ಒಂದಾಗಿವೆ. ಇಂತಹ ಸಂದರ್ಭದಲ್ಲಿ ಮೂರನೆಯ ಸಾಕ್ಷ್ಯವನ್ನು, ಅಂದರೆ ನೆಲವನ್ನೇ, ನೋಡಬೇಕಾಗುತ್ತದೆ. ಈವ್‌ಶಮ್ ಪಟ್ಟಣ ಏವನ್ ನದಿಯ ದೊಡ್ಡ ತಿರುವಿನೊಳಗೆ ಇರುವುದು ಅದರ ಹೆಸರಿನಲ್ಲಿರುವುದು 'ಹಮ್ಮ್' ಎಂಬುದನ್ನು ಸಮರ್ಥಿಸುತ್ತದೆ. ಭೂರಚನೆಯನ್ನು ವ್ಯುತ್ಪತ್ತಿಯ ಆಧಾರವಾಗಿ ವ್ಯವಸ್ಥಿತವಾಗಿ ಬಳಸಿದ ಮಾರ್ಗರೆಟ್ ಗೆಲಿಂಗ್ ಅವರ 1984ರ ಗ್ರಂಥ ಈ ದಿಕ್ಕಿನಲ್ಲಿ ಮಹತ್ವದ್ದು.

ಎರಡನೆಯದು ಜನಪದ ವ್ಯುತ್ಪತ್ತಿ. ನಾರ್ತ್ಯಾಂಪ್ಟನ್‌ಷರ್‌ನ 'ಡ್ಯಾವಂಟ್ರಿ' ಪಟ್ಟಣದ ಹಳೆಯ ನುಡಿರೂಪ 'ಡೇನ್‌ಟ್ರಿ'. ಇದನ್ನು ಕೇಳಿದವರು ಡೇನ್ ಜನಾಂಗದ ಮರ ಎಂದು ಅರ್ಥೈಸಿದರು. ಪಟ್ಟಣದ ಲಾಂಛನದಲ್ಲಿಯೂ ಒಬ್ಬ ಡೇನ್ ಮತ್ತು ಒಂದು ಮರ ಸೇರಿಕೊಂಡವು. ವಾಸ್ತವದಲ್ಲಿ ಅದು ಡಾಫ ಎಂಬ ವ್ಯಕ್ತಿಯ ಮರ. ಬರಹದಲ್ಲಿ ಉಳಿದ ವಕಾರವೇ ಇಲ್ಲಿ ಸತ್ಯದ ಸಾಕ್ಷಿ. ನುಡಿ ದಾರಿ ತಪ್ಪಿಸಿದೆ.

ಮೂರನೆಯದು, ಹ್ರಸ್ವರೂಪವೆಲ್ಲ ಸ್ಥಳೀಯ ರೂಪವಲ್ಲ. ನಾಟಿಂಗಮ್‌ಷರ್‌ನ 'ಸೌತ್‌ವೆಲ್' ಪಟ್ಟಣವನ್ನು ಹೊರಗಿನ ವಿದ್ಯಾವಂತರು 'ಸದಲ್' ಎನ್ನುವುದುಂಟು. ಊರಿನವರಲ್ಲಿ ಬಹಳಷ್ಟು ಮಂದಿ ಪೂರ್ಣರೂಪವನ್ನೇ ಬಳಸುತ್ತಾರೆ. ನಾರ್ಫಕ್‌ನ 'ವಿಂಡಮ್'ನಂತೆಯೇ ಬರೆಯುವ ಲೆಸ್ಟರ್‌ಷರ್‌ನ ಹಳ್ಳಿ 'ವೈಮಂಡಮ್'. ಆದ್ದರಿಂದ ಒಂದು ಊರಿನ ನುಡಿರೂಪವನ್ನು ಇನ್ನೊಂದಕ್ಕೆ ಅನ್ವಯಿಸುವಂತಿಲ್ಲ. ಪ್ರತಿಯೊಂದನ್ನೂ ಅದರ ಊರಿನಲ್ಲಿಯೇ ಕೇಳಬೇಕು.

ಈ ಎಚ್ಚರ ಶಾಸ್ತ್ರದ ಚರಿತ್ರೆಯಲ್ಲಿಯೂ ಕಾಣುತ್ತದೆ. ನಾರ್ಮನ್ನರ ಪ್ರಭಾವವನ್ನು ಕುರಿತು 1909ರಲ್ಲಿ ವಿಸ್ತಾರವಾದ ಅಧ್ಯಯನ ಪ್ರಕಟಿಸಿದ ಜ಼ಾಕ್ರಿಸನ್ ಮತ್ತು 1936ರಲ್ಲಿ ಇಂಗ್ಲಿಷ್ ಸ್ಥಳನಾಮಗಳ ಆಕ್ಸ್‌ಫರ್ಡ್ ನಿಘಂಟನ್ನು ರಚಿಸಿದ ಐಲರ್ಟ್ ಎಕ್‌ವಾಲ್ ಇಬ್ಬರೂ ಸ್ವೀಡನ್ನಿನವರು. 1923ರಲ್ಲಿ ಸ್ಥಾಪನೆಯಾದ ಇಂಗ್ಲಿಷ್ ಸ್ಥಳನಾಮ ಸಂಘ ಪ್ರಾಂತ್ಯವಾರು ಸಂಪುಟಗಳನ್ನು ಪ್ರಕಟಿಸುತ್ತ ಬಂದಿದೆ. ಕಾಲಾನುಕ್ರಮವಾಗಿ ಜೋಡಿಸಿದ ಲಿಖಿತ ರೂಪಗಳು ಅದರ ಬೆನ್ನೆಲುಬು. ವಿಶಿಷ್ಟವಾದ ಸ್ಥಳೀಯ ಉಚ್ಚಾರಣೆಗಳು ಜೊತೆಗೆ ದಾಖಲಾಗುತ್ತವೆ.

7. ಬರಹದ ಮರುಹಿಡಿತ

19ನೆಯ ಶತಮಾನದವರೆಗೆ ಹಳ್ಳಿಯ ಹೆಸರನ್ನು ಹೆಚ್ಚಿನವರು ಕೇಳಿ ಕಲಿಯುತ್ತಿದ್ದರು. ಓದಿ ಕಲಿಯುವವರು ವಕೀಲರು, ಪಾದ್ರಿಗಳು, ಭೂಮಾಲೀಕರು ಮಾತ್ರ. ಮುದ್ರಿತ ಭೂಪಟ, 1840ರ ಏಕರೂಪದ ಅಂಚೆ ದರ, ರೈಲು ನಿಲ್ದಾಣದ ಫಲಕ ಮತ್ತು 1870ರ ಪ್ರಾಥಮಿಕ ಶಿಕ್ಷಣ ಕಾಯಿದೆ ಈ ಅನುಪಾತವನ್ನು ತಿರುವುಮುರುವು ಮಾಡಿದವು. ಊರಿನ ಹೆಸರನ್ನು ಮೊದಲು ಕಣ್ಣಿನಿಂದ ಕಂಡು ಆಮೇಲೆ ನುಡಿಯುವವರ ಸಂಖ್ಯೆ ಬೆಳೆಯಿತು. ಶಾಲೆಯಲ್ಲಿ ಓದಲು ಕಲಿತ ಮಕ್ಕಳಿಗೆ ಅಜ್ಜಿಯ ಉಚ್ಚಾರಣೆ ತಪ್ಪೆಂದು ತೋರತೊಡಗಿತು. ಬರಹಾನುಸಾರಿ ಉಚ್ಚಾರಣೆ ಎಂದು ಕರೆಯಬಹುದಾದ ಈ ಪ್ರವೃತ್ತಿ ಶಾಲೆ, ಅಂಚೆ ಮತ್ತು ರೈಲಿನ ಸಹಜ ಫಲ.

'ಸಿಸಿಟರ್' ಎಂದು ನುಡಿಯುತ್ತಿದ್ದ ಗ್ಲಾಸ್ಟರ್‌ಷರ್‌ನ ಊರು ಈಗ ಬರೆದಂತೆ 'ಸೈರನ್‌ಸೆಸ್ಟರ್'. ಮುರಿದ ಸೇತುವೆ ಎಂಬ ಲ್ಯಾಟಿನ್ ಅರ್ಥದ 'ಪಾಂಟಿಫ್ರಾಕ್ಟ್' ಷೇಕ್ಸ್‌ಪಿಯರ್‌ನ ನಾಟಕಗಳಲ್ಲಿ ಕಾಣುವುದು 'ಪಾಮ್‌ಫ್ರಿಟ್' ಎಂಬ ನುಡಿರೂಪದಲ್ಲಿ. ಇಂದು ಆ ರೂಪ ಮುಖ್ಯವಾಗಿ ಅಲ್ಲಿನ ಜೇಷ್ಠಮಧುವಿನ ಮಿಠಾಯಿಯ ಹೆಸರಿನಲ್ಲಿ ಉಳಿದಿದೆ. ನಾರ್ಫಕ್‌ನ 'ಸ್ಟಿಫ್‌ಕಿ' ಹಳ್ಳಿಯ ಹಳೆಯ ಉಚ್ಚಾರಣೆಯಾದ 'ಸ್ಟ್ಯೂಕಿ' ಅಲ್ಲಿನ ತೀರದ ನೀಲಿ ಚಿಪ್ಪುಜೀವಿಗಳ ಹೆಸರಿನಲ್ಲಿ ಅಡಗಿಕೊಂಡಿದೆ. ಊರಿನ ಹೆಸರನ್ನು ಈಗ ಬರೆದಂತೆಯೇ ನುಡಿಯುವುದು ರೂಢಿ. ಊರಿನಿಂದ ಹೊರಬಿದ್ದ ನುಡಿರೂಪಕ್ಕೆ ಮಿಠಾಯಿಯೂ ಚಿಪ್ಪೂ ಆಶ್ರಯ ನೀಡಿರುವುದು, ನಾಮಶಾಸ್ತ್ರಜ್ಞರು ಊರುಗಳ ಹೆಸರಿನಾಚೆಗೂ ಹುಡುಕಬೇಕೆಂಬುದನ್ನು ಸೂಚಿಸುತ್ತದೆ.

ರೇಡಿಯೊ ಈ ಪ್ರಕ್ರಿಯೆಗೆ ಎರಡು ವಿರುದ್ಧ ದಿಕ್ಕಿನ ಬಲಗಳನ್ನು ಕೊಟ್ಟಿತು. 1926ರಲ್ಲಿ ಬಿ.ಬಿ.ಸಿ. ಉಚ್ಚಾರಣೆಯ ಬಗ್ಗೆ ಸಲಹಾ ಸಮಿತಿಯನ್ನು ನೇಮಿಸಿತು. 1930ರಲ್ಲಿ ಇಂಗ್ಲಿಷ್ ಸ್ಥಳನಾಮಗಳ ಉಚ್ಚಾರಣೆಗೆ ಸಂಬಂಧಿಸಿದ ಶಿಫಾರಸುಗಳ ಪುಸ್ತಿಕೆ ಲಾಯ್ಡ್ ಜೇಮ್ಸ್ ಅವರ ಸಂಪಾದಕತ್ವದಲ್ಲಿ ಪ್ರಕಟವಾಯಿತು. ಅನೇಕ ನುಡಿರೂಪಗಳ ದಾಖಲಾತಿಗೆ ಇದು ನೆರವಾಯಿತು. ಅದೇ ಸಂಸ್ಥೆ 1925ರಲ್ಲಿ ಡ್ಯಾವಂಟ್ರಿಯಲ್ಲಿ ಪ್ರಸಾರಕೇಂದ್ರ ಆರಂಭಿಸಿತ್ತು. 1932ರಿಂದ ಸಾಮ್ರಾಜ್ಯದ ದೂರದೂರದ ನಾಡುಗಳಿಗೆ ಅಲ್ಲಿಂದಲೇ ಪ್ರಸಾರ ನಡೆಯಿತು. ಜಗತ್ತು ಕೇಳಿದ್ದು ಬರೆದಂತೆ ನುಡಿದ ಹೆಸರನ್ನು. 'ಡೇನ್‌ಟ್ರಿ' ಹಿಂದೆ ಸರಿಯಿತು.

ಇದಕ್ಕೆ ಪ್ರತಿಯಾಗಿ, ನುಡಿರೂಪವೇ ಬರಹವನ್ನು ತಿದ್ದಿದ ಉದಾಹರಣೆಗಳೂ ಕೆಲವಿವೆ. ಡೆವನ್‌ನ ರಸ್ತೆಫಲಕಗಳು ವಾಹನ ಚಾಲಕರಿಗೆ 'ವುಲ್ಸರಿ' ಎಂಬ ಚಿಕ್ಕ ರೂಪವನ್ನೇ ತೋರಿಸುತ್ತವೆ. 'ಟ್ರಾಸ್ಲಿ' ಹಳ್ಳಿಯ ಹೆಸರು ಹಳೆಯ ಕಾಗುಣಿತದಲ್ಲಿಯೇ ಇದ್ದರೂ ಪಕ್ಕದ ಸಾರ್ವಜನಿಕ ಉದ್ಯಾನದ ಹೆಸರನ್ನು ನುಡಿದಂತೆ ಬರೆಯಲಾಗಿದೆ. ಲಿಪಿ ಮತ್ತು ನುಡಿಯ ನಡುವಿನ ಈ ಒಪ್ಪಂದ ಊರಿನವರಿಗೆ ಅನುಕೂಲಕರ. ಆದರೆ ಹಳೆಯ ಕಾಗುಣಿತ ಸಂಪೂರ್ಣವಾಗಿ ಮರೆಯಾದರೆ ಮೊದಲ ಸಾಕ್ಷ್ಯಕ್ಕೂ ಹಾನಿಯೇ.

8. ಕನ್ನಡ ಸ್ಥಳನಾಮ ಅಧ್ಯಯನಕ್ಕೆ

ಇಂಗ್ಲೆಂಡಿನ ಈ ಚರಿತ್ರೆ ಕನ್ನಡದ ಸಂಶೋಧಕರಿಗೆ ಎರಡು ಕಾರಣಗಳಿಂದ ಪ್ರಸ್ತುತ. ಮೊದಲನೆಯದು ಲಿಪ್ಯಂತರ. ಕನ್ನಡ ಲಿಪಿ ಬಹುಮಟ್ಟಿಗೆ ಧ್ವನಿಯನ್ನು ಬರೆಯುವ ಲಿಪಿ. ನಮ್ಮ ಪತ್ರಿಕೆಗಳು 'ಲೀಸೆಸ್ಟರ್', 'ಗ್ರೀನ್‌ವಿಚ್' ಎಂದು ಬರೆದಾಗ ಅವು ಇಂಗ್ಲಿಷ್ ಕಾಗುಣಿತವನ್ನು ಧ್ವನಿಯೆಂಬಂತೆ ಮುಂದಿಡುತ್ತವೆ. ಇಂಗ್ಲಿಷಿನಲ್ಲಿ ಓದುಗ ಬರಹವನ್ನು ನೋಡಿ ಬೇರೆಯೇ ನುಡಿಯಬಹುದು. ಕನ್ನಡದಲ್ಲಿ ಆ ಅವಕಾಶವಿಲ್ಲ. ಆದ್ದರಿಂದ ಕನ್ನಡದಲ್ಲಿ ಬರೆಯುವವರು ಪ್ರತಿ ಹೆಸರಿನಲ್ಲಿಯೂ ಎರಡು ಸಾಕ್ಷ್ಯಗಳಲ್ಲಿ ಒಂದನ್ನು ಆರಿಸಿಕೊಳ್ಳು‍ತ್ತಾರೆ. ಆ ಆಯ್ಕೆ ಅರಿತು ಮಾಡಿದುದಾಗಿರಬೇಕು.

ಎರಡನೆಯದು ನಮ್ಮದೇ ಊರುಗಳ ಹೆಸರು. ಕನ್ನಡದಲ್ಲಿ ಬರಹ ನುಡಿಯನ್ನು ಹಿಂಬಾಲಿಸುತ್ತ ಬಂದುದರಿಂದ, ಶಾಸನಗಳ 'ಪೊಂಬುಚ್ಚ' ಇಂದಿನ 'ಹುಂಚ' ಆದುದು, 'ಪುಲಿಗೆರೆ' 'ಹುಲಿಗೆರೆ' ಆದುದು ಬರಹದಲ್ಲಿಯೇ ಕಾಣಸಿಗುತ್ತದೆ. ಆದರೆ ನಮ್ಮ ಲಿಪಿಕಾರರೂ ತಟಸ್ಥರಾಗಿರಲಿಲ್ಲ. ಬೆಳ್ಗೊಳವನ್ನು 'ಧವಳಸರಸ'ವೆಂದು ಸಂಸ್ಕೃತಕ್ಕೆ ತಿರುಗಿಸಿದವರ ನಿಲುವು, ಬ್ಯೂಲಿಯ ಹೆಸರನ್ನು ಲ್ಯಾಟಿನ್ನಿಗೆ ತಿರುಗಿಸಿ ಬರೆದ ಮಧ್ಯಯುಗದ ಲಿಪಿಕಾರರ ನಿಲುವಿಗೆ ದೂರದ್ದಲ್ಲ. ವಸಾಹತು ಕಾಲದ ರೋಮನ್ ಕಾಗುಣಿತ ಇನ್ನೊಂದು ಪದರವನ್ನು ಸೇರಿಸಿತು. 2014ರ ನವೆಂಬರ್ 1ರಂದು ಕರ್ನಾಟಕ ಸರ್ಕಾರ 12 ನಗರಗಳ ಇಂಗ್ಲಿಷ್ ಹೆಸರುಗಳನ್ನು ಬದಲಿಸಿದಾಗ ಅವುಗಳಲ್ಲಿ ಹೆಚ್ಚಿನವು ಕನ್ನಡದ ರೂಪಕ್ಕೆ ಕಾಗುಣಿತವನ್ನು ಹೊಂದಿಸಿದವು. ಇಂಗ್ಲೆಂಡಿನಲ್ಲಿ ಬರಹ ನುಡಿಯನ್ನು ತಿದ್ದುತ್ತಿದ್ದರೆ ಇಲ್ಲಿ ಬರಹವನ್ನು ತಿದ್ದಲಾಯಿತು.

ಆದರೂ ನಮ್ಮ ಹಳ್ಳಿಗಳ ಮಟ್ಟದಲ್ಲಿ ಅಪಾಯ ಒಂದೇ ಬಗೆಯದು. ಹಳೆ ಮೈಸೂರು ಭಾಗದ ಆಡುನುಡಿಯಲ್ಲಿ 'ಹಳ್ಳಿ' ಎಂಬುದು 'ಅಳ್ಳಿ' ಆಗುತ್ತದೆ. 'ಹಾಮ್' 'ಅಮ್' ಆದ ಪ್ರಕ್ರಿಯೆಗೆ ಇದು ಸಂವಾದಿ. ಪದಮಧ್ಯದ ಸ್ವರಗಳು ಲೋಪವಾಗುವುದೂ ನಮಗೆ ಪರಿಚಿತ. ಕಂದಾಯದ ಪಹಣಿ, ಬಸ್ಸಿನ ಫಲಕ, ಮೊಬೈಲಿನ ಭೂಪಟಗಳಿಂದ ಹೆಸರು ಕಲಿಯುವ ತಲೆಮಾರಿಗೆ ಹಿರಿಯರ ನುಡಿರೂಪ ಅಶುದ್ಧವೆಂದು ತೋರುತ್ತದೆ. ಅದನ್ನು ತಿದ್ದುವ ಮೊದಲು ದಾಖಲಿಸುವುದು ಅಗತ್ಯ. ಸ್ಥಳನಾಮ ಕುರಿತ ಪಿಎಚ್.ಡಿ. ಮಹಾಪ್ರಬಂಧಗಳಲ್ಲಿ ಶಾಸನರೂಪ, ಕಡತರೂಪಗಳ ಜೊತೆಗೆ ಊರಿನ ಹಿರಿಯರ ಉಚ್ಚಾರಣೆಯನ್ನು ಧ್ವನಿಮುದ್ರಿಸಿ, ಧ್ವನಿಲಿಪಿಯಲ್ಲಿ ಬರೆದು ಸೇರಿಸುವುದು ಕಡ್ಡಾಯವಾಗಬೇಕು.

9. ಸಮಾರೋಪ

ಹ್ಯಾಪಿಸ್‌ಬರ್ಗ್ ಹಳ್ಳಿಯ ತೀರವನ್ನು ಸಮುದ್ರ ಕೊರೆಯುತ್ತಿದೆ. ದಿಬ್ಬದಂಚಿನ ಮನೆಗಳು ಈಗಾಗಲೇ ನೀರುಪಾಲಾಗಿವೆ. 2013ರಲ್ಲಿ ಅಲ್ಲಿನ ಕಡಲತೀರದಲ್ಲಿ 8 ಲಕ್ಷ ವರ್ಷಗಳಿಗೂ ಹಳೆಯದಾದ ಮಾನವ ಹೆಜ್ಜೆಗುರುತುಗಳು ಗೋಚರಿಸಿದ ಬಳಿಕ ಆ ಹೆಸರು ಪುರಾತತ್ತ್ವ ಸಾಹಿತ್ಯದಲ್ಲಿ ಶಾಶ್ವತವಾಗಿ ನೆಲೆಸಿದೆ. ಅಲ್ಲಿ ನೆಲೆಸಿರುವುದು ಅದರ ಬರಹರೂಪ. 'ಹೇಜ಼್‌ಬ್ರ' ಎಂಬುದಕ್ಕೆ ಅಂತಹ ಆಶ್ರಯವಿಲ್ಲ; ಅದನ್ನು ನುಡಿಯುವವರು ಅಲ್ಲಿ ಇರುವವರೆಗೆ, ಅಥವಾ ಯಾರಾದರೂ ಅದನ್ನು ಕೇಳಿ ಬರೆದಿಟ್ಟಿದ್ದರೆ, ಅದು ಉಳಿಯುತ್ತದೆ. ಸ್ನೆಂಟನ್‌ನ ಸಕಾರ ಒಂದು ಸಹಸ್ರಮಾನದ ಹತ್ತಿರ ಉಳಿದದ್ದು ಡೂಮ್ಸ್‌ಡೇ ಪುಸ್ತಕದ ಕೃಪೆಯಿಂದಲ್ಲ, ಆ ಪುಸ್ತಕದಲ್ಲಿ ಹೆಸರಿಲ್ಲದ ಜನರ ನಾಲಿಗೆಯಿಂದ. ಸ್ಥಳನಾಮ ಚರಿತ್ರೆಯು ಆ ನಾಲಿಗೆಯನ್ನೂ ದಾಖಲೆಯೆಂದು ಪರಿಗಣಿಸಿದಾಗ ಮಾತ್ರ ಅದರ ಸಾಕ್ಷ್ಯಗಳ ಪಟ್ಟಿ ಪೂರ್ಣವಾಗುತ್ತದೆ.